ಸೆಕೆಂಡಿಗೆ ಎಷ್ಟು ವ್ಯವಹಾರ? ಡೇಟಾಬೇಸ್ ಸರ್ವರಿನ ವೇಗವನ್ನು ಅಳೆಯುವ ಬಗೆ

ಎರಡು ಗಣಕಗಳಿವೆ ಎಂದಿಟ್ಟುಕೊಳ್ಳೋಣ. ಎರಡರಲ್ಲೂ ಒಂದೇ ಡೇಟಾಬೇಸ್ ತಂತ್ರಾಂಶ, ಅದೇ ಆವೃತ್ತಿ. ಎರಡರಲ್ಲೂ ನಿಮಿಷಕ್ಕೆ 7200 ಸುತ್ತು ತಿರುಗುವ ಒಂದೊಂದು ಹಾರ್ಡ್‌ಡಿಸ್ಕ್. ಒಬ್ಬನೇ ಬಳಕೆದಾರ ಒಂದಾದ ಮೇಲೊಂದರಂತೆ ಬ್ಯಾಂಕ್ ಖಾತೆಗಳಿಗೆ ಹಣ ಜಮಾ ಮಾಡುತ್ತ ಹೋಗುವಂತೆ ಪರೀಕ್ಷೆ ಏರ್ಪಡಿಸಿದ್ದೇವೆ. ಮೊದಲನೆಯ ಗಣಕ ಸೆಕೆಂಡಿಗೆ 115 ವ್ಯವಹಾರಗಳನ್ನು ಮುಗಿಸುತ್ತದೆ. ಎರಡನೆಯದು 3,000 ಮುಗಿಸುತ್ತದೆ. ನೀವು ಯಾವುದನ್ನು ಕೊಳ್ಳುತ್ತೀರಿ?

ಉತ್ತರ ಸುಲಭ ಎನ್ನಿಸಬಹುದು. ಆದರೆ ಭೌತವಿಜ್ಞಾನ ಓದಿದವರು ಇಲ್ಲಿ ಒಂದು ಕ್ಷಣ ನಿಂತು ಲೆಕ್ಕ ಹಾಕಬೇಕು. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ಬೇಕು. ಪ್ರತಿ ವ್ಯವಹಾರವೂ ಡಿಸ್ಕಿನ ಮೇಲೆ ದಾಖಲಾದ ನಂತರವೇ ಮುಂದಿನದು ಆರಂಭವಾಗಬೇಕೆಂದಿದ್ದರೆ, ಆ ಹೊತ್ತಿಗೆ ಬರೆಯಬೇಕಾದ ಮುಂದಿನ ಜಾಗ ಓದು-ಬರಹದ ಮುಳ್ಳನ್ನು ದಾಟಿ ಹೋಗಿರುತ್ತದೆ. ಅದು ಮತ್ತೆ ಸುತ್ತಿ ಬರುವವರೆಗೆ ಕಾಯಬೇಕು. ಅಂದರೆ ಸುತ್ತಿಗೊಂದು ವ್ಯವಹಾರ, ಸೆಕೆಂಡಿಗೆ ಹೆಚ್ಚೆಂದರೆ 120. ಮೊದಲನೆಯ ಗಣಕದ 115 ಈ ಮಿತಿಯ ಹತ್ತಿರವಿದೆ, ಅದರೊಳಗಿದೆ. ಎರಡನೆಯದರ 3,000 ಸಾಧ್ಯವಾಗಬೇಕಾದರೆ ಡಿಸ್ಕು ನಿಮಿಷಕ್ಕೆ 1,80,000 ಸುತ್ತು ತಿರುಗಬೇಕು. ಅಂತಹ ಹಾರ್ಡ್‌ಡಿಸ್ಕ್ ಎಲ್ಲೂ ಇಲ್ಲ. ಆದ್ದರಿಂದ ಎರಡನೆಯ ಗಣಕ "ಮುಗಿಯಿತು" ಎಂದು ಹೇಳಿದಾಗ ಡಿಸ್ಕಿನ ತಟ್ಟೆಯ ಮೇಲೆ ಏನೂ ಬರೆದಿರುವುದಿಲ್ಲ.

ಸರ್ವರುಗಳ ವೇಗವನ್ನು ಹೋಲಿಸುವ ಪರೀಕ್ಷೆಗೆ ಬೆಂಚ್‌ಮಾರ್ಕ್ ಎಂದು ಹೆಸರು. ಒರೆಗಲ್ಲು ಎನ್ನಬಹುದು. ಶಾಲೆ, ಕಾಲೇಜು, ಸಹಕಾರಿ ಬ್ಯಾಂಕು, ಆಸ್ಪತ್ರೆ ಹೀಗೆ ಎಲ್ಲೆಡೆ ದಾಖಲೆಗಳು ಡೇಟಾಬೇಸುಗಳಲ್ಲಿರುವಾಗ ಈ ಒರೆಗಲ್ಲಿನ ಅಂಕಿಯನ್ನು ನೋಡಿಯೇ ಯಂತ್ರ ಕೊಳ್ಳಲಾಗುತ್ತದೆ. ಆ ಅಂಕಿಯ ಹಿಂದೆ ಏನಿದೆ, ಅದನ್ನು ಯಾವಾಗ ನಂಬಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಿರ್ದಿ ಮೊದಲು, ಖಾತೆ ಆಮೇಲೆ

ವ್ಯವಹಾರ ಮುಗಿಯಿತು ಎಂದು ಡೇಟಾಬೇಸ್ ಹೇಳುವುದರ ಅರ್ಥವೇನು? ಇದಕ್ಕೆ ಹಳೆಯ ಕಾಲದ ಅಂಗಡಿಯ ಲೆಕ್ಕವನ್ನು ನೆನಪಿಸಿಕೊಳ್ಳಿ. ಸಾಹುಕಾರರು ಸಾಲ ಕೊಟ್ಟಾಗಲೋ ಹಣ ಬಂದಾಗಲೋ ಮೊದಲು ಕಿರ್ದಿ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಾರೆ. ಆಯಾ ಗಿರಾಕಿಯ ಖಾತೆಯ ಪುಟ ತೆಗೆದು ಏರಿಸುವ ಕೆಲಸ ಸಂಜೆ ಬಿಡುವಾದಾಗ. ನಡುವೆ ಏನೇ ಗೊಂದಲವಾದರೂ ಕಿರ್ದಿಯನ್ನು ನೋಡಿ ಖಾತೆಗಳನ್ನು ಸರಿಪಡಿಸಬಹುದು. ಡೇಟಾಬೇಸ್ ಮಾಡುವುದೂ ಇದನ್ನೇ. ಪ್ರತಿ ಬದಲಾವಣೆಯನ್ನೂ ಲಾಗ್ ಎಂಬ ಕಡತದ ಕೊನೆಯಲ್ಲಿ ಸೇರಿಸುತ್ತದೆ. ಆ ಸಾಲು ಡಿಸ್ಕಿನ ಮೇಲೆ ಭದ್ರವಾಗಿ ಕುಳಿತ ಮೇಲೆ ಬಳಕೆದಾರನಿಗೆ "ಆಯಿತು" ಎಂದು ತಿಳಿಸುತ್ತದೆ. ಇದಕ್ಕೆ ಕಮಿಟ್ ಎನ್ನುತ್ತಾರೆ. ಖಾತೆಗಳಿರುವ ಪುಟಗಳು ಮೆಮೊರಿಯಲ್ಲಿ ತಿದ್ದುಪಡಿಯಾಗಿ, ನಿಧಾನವಾಗಿ ಡಿಸ್ಕಿಗೆ ಹೋಗುತ್ತವೆ.

ಈ ಏರ್ಪಾಡಿನಲ್ಲಿ ನಿಧಾನವಾದ ಹೆಜ್ಜೆ ಒಂದೇ: ಕಿರ್ದಿಯ ಸಾಲು ಡಿಸ್ಕಿನ ಮೇಲೆ ಬೀಳುವವರೆಗೆ ಕಾಯುವುದು. ವೇಗವನ್ನು ಹೆಚ್ಚಿಸಿ ತೋರಿಸಬೇಕೆನ್ನುವವರು ಮೊದಲು ಕೈಹಾಕುವುದೂ ಇಲ್ಲಿಗೇ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಎಫ್‌ಸಿಂಕ್ ಎಂಬ ಸೆಟ್ಟಿಂಗ್ ಇದೆ. ಅದನ್ನು ಆರಿಸಿದರೆ ತಂತ್ರಾಂಶ ಡಿಸ್ಕಿಗಾಗಿ ಕಾಯುವುದೇ ಇಲ್ಲ. ಕಾರ್ಯಾಚರಣ ವ್ಯವಸ್ಥೆಯ ಕೈಗೆ ಕೊಟ್ಟು ಮುಂದೆ ಸಾಗುತ್ತದೆ. ಅದೇ ಕ್ಷಣ ವಿದ್ಯುತ್ ಹೋದರೆ ಕೊನೆಯ ಕೆಲವು ವ್ಯವಹಾರಗಳು ಮಾತ್ರವಲ್ಲ, ಕಿರ್ದಿ ಮತ್ತು ಖಾತೆಗಳ ನಡುವಿನ ಹೊಂದಾಣಿಕೆಯೇ ತಪ್ಪಿ ಇಡೀ ಡೇಟಾಬೇಸ್ ಕೆಡಬಹುದು.

ಇದೇ ತಂತ್ರಾಂಶದಲ್ಲಿ ಸಿಂಕ್ರೊನಸ್ ಕಮಿಟ್ ಎಂಬ ಇನ್ನೊಂದು ಸೆಟ್ಟಿಂಗ್ ಇದೆ. ಅದನ್ನು ಆರಿಸಿದಾಗಲೂ ವೇಗ ಹೆಚ್ಚುತ್ತದೆ. ಆದರೆ ಅಪಾಯದ ಬಗೆ ಬೇರೆ. ರೂಢಿಯ ಹೊಂದಾಣಿಕೆಯಲ್ಲಿ ಹೆಚ್ಚೆಂದರೆ ಕೊನೆಯ 600 ಮಿಲಿಸೆಕೆಂಡುಗಳ ವ್ಯವಹಾರಗಳು ನಷ್ಟವಾದಾವು, ಉಳಿದ ಲೆಕ್ಕ ಕೆಡುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಇಂತಹುದೇ ಸೆಟ್ಟಿಂಗಿಗೆ 0, 1, 2 ಎಂಬ ಮೂರು ಬೆಲೆಗಳಿವೆ. 1 ಇದ್ದರೆ ಪ್ರತಿ ಕಮಿಟ್‌ಗೂ ಡಿಸ್ಕಿಗೆ ಬರೆಯುತ್ತದೆ. 2 ಇದ್ದರೆ ಕಾರ್ಯಾಚರಣ ವ್ಯವಸ್ಥೆಗೆ ಒಪ್ಪಿಸಿ ಸುಮಾರು ಸೆಕೆಂಡಿಗೊಮ್ಮೆ ಡಿಸ್ಕಿಗೆ ತಳ್ಳುತ್ತದೆ. 0 ಇದ್ದರೆ ಒಪ್ಪಿಸುವುದೂ ಸೆಕೆಂಡಿಗೊಮ್ಮೆಯೇ. ಜಾಲತಾಣವೊಂದನ್ನು ಎಷ್ಟು ಜನ ನೋಡಿದರೆಂದು ಎಣಿಸುವ ಕೆಲಸಕ್ಕೆ 2 ಸಾಕು, ಅದರಲ್ಲಿ ತಪ್ಪೇನೂ ಇಲ್ಲ. ಶುಲ್ಕದ ರಸೀದಿಗೆ ಸಾಲದು.

ಸೆಟ್ಟಿಂಗುಗಳೆಲ್ಲ ಸರಿಯಿದ್ದೂ 3,000 ಬಂದರೆ? ಆಗ ಡಿಸ್ಕಿನೊಳಗೆ ನೋಡಬೇಕು. ಹಾರ್ಡ್‌ಡಿಸ್ಕಿನಲ್ಲೇ ಚಿಕ್ಕದೊಂದು ಮೆಮೊರಿ ಇರುತ್ತದೆ. ದತ್ತ ಅಲ್ಲಿಗೆ ಬಂದೊಡನೆ "ಬರೆದೆ" ಎಂದು ಉತ್ತರಿಸುವ ಡಿಸ್ಕುಗಳುಂಟು. ಕರೆಂಟು ಹೋದರೆ ಆ ಮೆಮೊರಿಯೂ ಖಾಲಿ. ಆದರೆ ಎಲ್ಲ 3,000ಗಳೂ ಸುಳ್ಳಲ್ಲ. ದೊಡ್ಡ ಸರ್ವರುಗಳಲ್ಲಿ ಡಿಸ್ಕುಗಳನ್ನು ನಿಯಂತ್ರಿಸುವ ಕಾರ್ಡಿನ ಮೇಲೆ ಬ್ಯಾಟರಿಯ ಆಸರೆಯುಳ್ಳ ಮೆಮೊರಿ ಇರುತ್ತದೆ. ಒಳ್ಳೆಯ ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರುಗಳಿರುತ್ತವೆ. ಕರೆಂಟು ಹೋದ ಮೇಲೆ, ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ವಿದ್ಯುದಾವೇಶ ಅವುಗಳಲ್ಲಿ ಸಂಗ್ರಹವಾಗಿರುತ್ತದೆ. ಪಿಯುಸಿಯಲ್ಲಿ ಓದಿದ ½CV² ಇಲ್ಲಿ ಜನರ ಹಣ ಕಾಯುತ್ತಿದೆ. ಹೀಗೆ 3,000 ಎಂಬ ಒಂದೇ ಅಂಕಿ ಒಂದು ಕಡೆ ಪ್ರಾಮಾಣಿಕ, ಇನ್ನೊಂದು ಕಡೆ ಅಪಾಯಕಾರಿ. ಅಂಕಿ ನೋಡಿ ಇದನ್ನು ಹೇಳಲಾಗದು. ಅಳತೆಯ ಷರತ್ತು ನೋಡಿಯೇ ಹೇಳಬೇಕು.

ಒರೆಗಲ್ಲಿನ ಚರಿತ್ರೆ

ಹಣ ಜಮಾ ಮಾಡುವ ಪರೀಕ್ಷೆಯನ್ನು ನಾನು ಸುಮ್ಮನೆ ಆರಿಸಿಕೊಂಡದ್ದಲ್ಲ. 1985ರ ಏಪ್ರಿಲ್ 1ರಂದು ಅಮೆರಿಕದ "ಡೇಟಾಮೇಷನ್" ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಲೇಖಕರ ಹೆಸರಿನ ಜಾಗದಲ್ಲಿ "ಅನಾಮಿಕ ಮತ್ತು ಇತರರು" ಎಂದಿತ್ತು. ಬರೆದವರು ಟ್ಯಾಂಡಮ್ ಕಂಪನಿಯಲ್ಲಿದ್ದ ಜಿಮ್ ಗ್ರೇ. ಮುಂದೆ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಬ್ಯಾಂಕಿನ ಶಾಖೆಯಲ್ಲಿ ಗುಮಾಸ್ತನೊಬ್ಬ ಗ್ರಾಹಕನ ಖಾತೆಗೆ ಹಣ ಹಾಕುವ ಅಥವಾ ತೆಗೆಯುವ ಕೆಲಸವನ್ನು ಅವರು ಪ್ರಮಾಣ ವ್ಯವಹಾರವೆಂದು ಗೊತ್ತುಮಾಡಿದರು. ಗ್ರಾಹಕನ ಖಾತೆ, ಗುಮಾಸ್ತನ ಲೆಕ್ಕ, ಶಾಖೆಯ ಲೆಕ್ಕ ಮೂರನ್ನೂ ತಿದ್ದಬೇಕು, ಚರಿತ್ರೆಯ ಕಡತದಲ್ಲಿ ಒಂದು ಸಾಲು ಸೇರಿಸಬೇಕು. ನೂರರಲ್ಲಿ 95 ವ್ಯವಹಾರಗಳಿಗಾದರೂ ಒಂದು ಸೆಕೆಂಡಿನೊಳಗೆ ಉತ್ತರ ಸಿಗಬೇಕು. ಯಂತ್ರದ ಬೆಲೆಯನ್ನೂ ಹೇಳಬೇಕು.

ಕಂಪನಿಗಳು ಇದನ್ನು ಸಂತೋಷದಿಂದ ಸ್ವೀಕರಿಸಿದವು, ತಮಗೆ ಕಷ್ಟವಾದ ಷರತ್ತುಗಳನ್ನು ಮಾತ್ರ ಬಿಟ್ಟುಬಿಟ್ಟವು! ಜಾಲದ ಮೂಲಕ ಬರುವ ಗುಮಾಸ್ತರು ಮಾಯವಾದರು. ಅವರು ಕೀಲಿ ಒತ್ತುವ ಮತ್ತು ಯೋಚಿಸುವ ಸಮಯವೂ ಮಾಯವಾಯಿತು. ಅಂಕಿಗಳು ಏರಿದವು. ಒಬ್ಬರ ಅಂಕಿಯನ್ನು ಇನ್ನೊಬ್ಬರದರ ಜೊತೆ ಹೋಲಿಸುವುದು ಅರ್ಥಹೀನವಾಯಿತು. ಈ ಗೊಂದಲವನ್ನು ತಿಳಿಗೊಳಿಸಲು 1988ರ ಆಗಸ್ಟ್‌ನಲ್ಲಿ ಓಮ್ರಿ ಸೆರ್ಲಿನ್ ಎಂಬುವರ ಪ್ರಯತ್ನದಿಂದ ಎಂಟು ಕಂಪನಿಗಳು ಸೇರಿ ಟ್ರಾನ್ಸಾಕ್ಷನ್ ಪ್ರೊಸೆಸಿಂಗ್ ಪರ್ಫಾರ್ಮೆನ್ಸ್ ಕೌನ್ಸಿಲ್ ಅಂದರೆ ಟಿಪಿಸಿ ಎಂಬ ಮಂಡಳಿಯನ್ನು ಸ್ಥಾಪಿಸಿದವು. 1989ರ ನವೆಂಬರ್‌ನಲ್ಲಿ ಟಿಪಿಸಿ-ಎ, 1990ರಲ್ಲಿ ಟಿಪಿಸಿ-ಬಿ, 1992ರಲ್ಲಿ ಟಿಪಿಸಿ-ಸಿ ಬಂದವು. ಯಂತ್ರದ ವಿವರ, ಪ್ರತಿಯೊಂದು ಸೆಟ್ಟಿಂಗ್, ಬೆಲೆ ಎಲ್ಲವನ್ನೂ ಪೂರ್ಣ ವರದಿಯಾಗಿ ಪ್ರಕಟಿಸಬೇಕೆಂಬ ನಿಯಮವೂ ಬಂತು. 1993ರಲ್ಲಿ ಇನ್ನೊಂದು ನಿಯಮ ಸೇರಿಸಬೇಕಾಯಿತು: ಪರೀಕ್ಷೆಯಲ್ಲಿ ಮಾತ್ರ ಉಪಯೋಗಕ್ಕೆ ಬರುವ, ನಿಜವಾದ ಬಳಕೆದಾರರಿಗೆ ಬೇಡವಾದ ಸೌಲಭ್ಯವನ್ನು ತಂತ್ರಾಂಶದಲ್ಲಿ ತುರುಕಬಾರದು. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದಾಗ ಏನಾಗುತ್ತದೆಂದು ಅಧ್ಯಾಪಕರಿಗೆ ಹೇಳಬೇಕಾಗಿಲ್ಲ.

ಟಿಪಿಸಿ-ಸಿಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಶವಿದೆ. ಅದು ಸಗಟು ವ್ಯಾಪಾರದ ಮಾದರಿ. ಒಂದು ಉಗ್ರಾಣಕ್ಕೆ 10 ಜಿಲ್ಲೆ, ಜಿಲ್ಲೆಗೆ 3,000 ಗಿರಾಕಿಗಳು, ಜಿಲ್ಲೆಗೊಂದು ಟರ್ಮಿನಲ್. ಟರ್ಮಿನಲ್ ಮುಂದೆ ಕುಳಿತವರು ಕೀಲಿ ಒತ್ತಲು ಮತ್ತು ಯೋಚಿಸಲು ಇಷ್ಟು ಸಮಯ ತೆಗೆದುಕೊಳ್ಳಲೇಬೇಕೆಂದು ನಿಯಮ. ಎಲ್ಲ ಬಗೆಯ ವ್ಯವಹಾರಗಳ ಸರಾಸರಿ ತೆಗೆದರೆ ಅದು ಸುಮಾರು 21 ಸೆಕೆಂಡು. ವ್ಯವಹಾರಗಳಲ್ಲಿ ಹೆಚ್ಚೆಂದರೆ ಶೇಕಡ 45 ಹೊಸ ಬೇಡಿಕೆಗಳು, ಎಣಿಕೆಗೆ ಬರುವುದು ಅವು ಮಾತ್ರ. ಈಗ ಲೆಕ್ಕ ಹಾಕಿ: 10 ಟರ್ಮಿನಲ್, ನಿಮಿಷಕ್ಕೆ 60 ಸೆಕೆಂಡು, ಭಾಗಿಸು 21, ಗುಣಿಸು 0.45. ಉತ್ತರ 12.86. ಯಂತ್ರ ಎಷ್ಟೇ ಬಲಶಾಲಿಯಾಗಿರಲಿ, ಒಂದು ಉಗ್ರಾಣದಿಂದ ನಿಮಿಷಕ್ಕೆ 12.86ಕ್ಕಿಂತ ಹೆಚ್ಚು ಬೇಡಿಕೆ ಬರಲಾರದು. ಹೆಚ್ಚು ಅಂಕಿ ಬೇಕೆನ್ನುವವರು ಉಗ್ರಾಣಗಳನ್ನು, ಅಂದರೆ ದತ್ತದ ಗಾತ್ರವನ್ನು ಹೆಚ್ಚಿಸಲೇಬೇಕು. 2020ರಲ್ಲಿ ಚೀನದ ಓಷನ್‌ಬೇಸ್ ನಿಮಿಷಕ್ಕೆ 70.7 ಕೋಟಿ ಬೇಡಿಕೆಗಳ ಫಲಿತಾಂಶ ಪ್ರಕಟಿಸಿತು. ಅದನ್ನು 12.86ರಿಂದ ಭಾಗಿಸಿದರೆ ಐದೂವರೆ ಕೋಟಿ ಉಗ್ರಾಣಗಳಾದರೂ ಬೇಕು. ಅಂದರೆ ಆ ಅಂಕಿ ಒಂದು ಗಣಕದ ಸಾಧನೆಯಲ್ಲ, ಸಾವಿರಕ್ಕೂ ಮಿಕ್ಕಿದ ಸರ್ವರುಗಳ ಸಮೂಹದ್ದು. ಚಿಕ್ಕ ದತ್ತವನ್ನು ಮೆಮೊರಿಯಲ್ಲಿಟ್ಟುಕೊಂಡು ದೊಡ್ಡ ಅಂಕಿ ತೋರಿಸುವ ದಾರಿಯನ್ನು ಒಂದು ಸರಳ ಗುಣಾಕಾರ ಮುಚ್ಚಿಬಿಟ್ಟಿದೆ.

ನಿಮ್ಮ ಪ್ರಯೋಗಾಲಯದಲ್ಲಿ

ಟಿಪಿಸಿಯ ಪರೀಕ್ಷೆಗಳನ್ನು ನಿಯಮಬದ್ಧವಾಗಿ ನಡೆಸುವುದು ಕಾಲೇಜುಗಳಿಗೆ ಆಗುವ ಮಾತಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಜೊತೆಗೆ ಬರುವ ಪಿಜಿಬೆಂಚ್ ಎಂಬ ಚಿಕ್ಕ ಸಾಧನ ನಮಗೆ ಸಾಕು. ಅದು ಟಿಪಿಸಿ-ಬಿಯನ್ನು ಹೋಲುತ್ತದೆ, ಅಂದರೆ ಗ್ರೇ ಅವರ ಬ್ಯಾಂಕಿನ ಮೊಮ್ಮಗು. (ಮುಕ್ತ ತಂತ್ರಾಂಶವನ್ನೇ ಹೇಳಲು ಇನ್ನೊಂದು ಕಾರಣವೂ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡಿವಿಟ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಒರಾಕಲ್ ಹಿಂದೆ ಬಿತ್ತು. ಆಮೇಲೆ ಆ ಕಂಪನಿಯ ಪರವಾನಗಿಯಲ್ಲಿ, ಅನುಮತಿಯಿಲ್ಲದೆ ಬೆಂಚ್‌ಮಾರ್ಕ್ ಫಲಿತಾಂಶ ಪ್ರಕಟಿಸಬಾರದೆಂಬ ಷರತ್ತು ಸೇರಿತು. ಇಂತಹ ಷರತ್ತಿಗೆ ಇಂದಿಗೂ ಡಿವಿಟ್ ಅವರ ಹೆಸರೇ ಇದೆ.)

ಪಿಜಿಬೆಂಚ್‌ನಲ್ಲಿ ಮಾಪನಾಂಕ ಎಂದು ಕರೆಯಬಹುದಾದ ಒಂದು ಸಂಖ್ಯೆಯನ್ನು ನಾವೇ ಕೊಡಬೇಕು. ಮಾಪನಾಂಕ 1 ಎಂದರೆ ಒಂದು ಶಾಖೆ, 10 ಗುಮಾಸ್ತರು, 1,00,000 ಖಾತೆಗಳು. 100 ಎಂದರೆ 100 ಶಾಖೆ, 1 ಕೋಟಿ ಖಾತೆ. ಡಿಸ್ಕಿನಲ್ಲಿ ಅದು ಸುಮಾರು 1.5 ಗಿಗಾಬೈಟ್. ಏನನ್ನೂ ಹೇಳದಿದ್ದರೆ ಸಾಧನ ಮಾಪನಾಂಕ 1 ಎಂದೇ ಇಟ್ಟುಕೊಂಡು, ಬರೀ 10 ವ್ಯವಹಾರ ನಡೆಸಿ ಫಲಿತಾಂಶ ಕೊಡುತ್ತದೆ. ಹತ್ತು ವ್ಯವಹಾರಗಳಿಂದ ಸರಾಸರಿ ತೆಗೆಯುವುದು, ಸರಳ ಲೋಲಕದ ಅರ್ಧ ಆಂದೋಲನ ನೋಡಿ g ಕಂಡುಹಿಡಿದಂತೆ.

ಮಾಪನಾಂಕ 1ರಲ್ಲಿ ಇನ್ನೂ ದೊಡ್ಡ ತೊಡಕಿದೆ. ಇರುವುದು ಒಂದೇ ಶಾಖೆಯಾದ್ದರಿಂದ ಎಲ್ಲ ವ್ಯವಹಾರಗಳೂ ಅದೇ ಒಂದು ಸಾಲನ್ನು ತಿದ್ದಬೇಕು. ಒಬ್ಬರು ತಿದ್ದುವಾಗ ಆ ಸಾಲಿಗೆ ಬೀಗ ಬೀಳುತ್ತದೆ. ಕಮಿಟ್ ಆಗುವವರೆಗೆ, ಅಂದರೆ ಡಿಸ್ಕಿನ ಸುತ್ತು ಮುಗಿಯುವವರೆಗೆ, ಉಳಿದವರು ಕಾಯಬೇಕು. ಐವತ್ತು ಬಳಕೆದಾರರಿದ್ದರೂ ಅದೇ 120ರ ಮಿತಿ. ಹದಿನಾರು ಕೋರುಗಳ ಪ್ರೋಸೆಸರ್ ಹಾಕಿದರೂ ಅಷ್ಟೇ. ಮಾಪನಾಂಕವನ್ನು 100ಕ್ಕೆ ಏರಿಸಿದರೆ ಚಿತ್ರ ಬದಲಾಗುತ್ತದೆ. ಬೇರೆ ಬೇರೆ ಶಾಖೆಗಳ ವ್ಯವಹಾರಗಳು ಒಟ್ಟಿಗೆ ಸಾಗಿ, ಡಿಸ್ಕಿನ ಒಂದೇ ಸುತ್ತಿನಲ್ಲಿ ಹಲವರ ಕಿರ್ದಿ ಸಾಲುಗಳು ಒಟ್ಟಾಗಿ ಬರೆಯಲ್ಪಡುತ್ತವೆ. ಬಸ್ಸು ಸೆಕೆಂಡಿಗೆ 120 ಸಲವೇ ಹೊರಡುತ್ತದೆ, ಆದರೆ ಪ್ರತಿ ಸಲವೂ ತುಂಬಿಕೊಂಡು ಹೋಗುತ್ತದೆ. ಆದ್ದರಿಂದ ಆರಂಭದಲ್ಲಿ ಹೇಳಿದ 120ರ ಮಿತಿ ಒಬ್ಬನೇ ಬಳಕೆದಾರನ ಪರೀಕ್ಷೆಗೆ ಮಾತ್ರ ಅನ್ವಯಿಸುತ್ತದೆಂದು ನೆನಪಿಡಿ. ಹಲವರು ಇರುವಾಗ 120ಕ್ಕೂ ಮೀರಿದ ಅಂಕಿ ಬಂದರೆ ಅನುಮಾನಪಡಬೇಕಾಗಿಲ್ಲ.

ಮೆಮೊರಿಯೋ ಎಸ್‌ಎಸ್‌ಡಿಯೋ?

ಇರುವ ಹಣದಲ್ಲಿ ಮೆಮೊರಿ ಹೆಚ್ಚಿಸುವುದೋ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದೋ ಎಂಬ ಪ್ರಶ್ನೆ ಎಲ್ಲ ಸಂಸ್ಥೆಗಳಲ್ಲೂ ಬರುತ್ತದೆ. ಇದಕ್ಕೂ ಕಾಗದದ ಮೇಲೆ ಲೆಕ್ಕ ಹಾಕಬಹುದು.

ಬೇಕಾದ ಪುಟ ಮೆಮೊರಿಯಲ್ಲಿದ್ದರೆ ಅದನ್ನು ತಲುಪಲು 1 ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳಿ. ಹಾರ್ಡ್‌ಡಿಸ್ಕಿನಿಂದ ತರಬೇಕಾದರೆ ಮುಳ್ಳು ಸರಿಯಲು 4 ಮಿಲಿಸೆಕೆಂಡ್, ಸರಾಸರಿ ಅರ್ಧ ಸುತ್ತು ಕಾಯಲು ಇನ್ನೊಂದು 4, ಒಟ್ಟು 8 ಮಿಲಿಸೆಕೆಂಡ್ ಅಂದರೆ 8,000 ಮೈಕ್ರೋಸೆಕೆಂಡ್. ಎಸ್‌ಎಸ್‌ಡಿಯಿಂದಾದರೆ ಸುಮಾರು 100. ಮೈಕ್ರೋಸೆಕೆಂಡನ್ನು ಹಿಗ್ಗಿಸಿ ಒಂದು ಸೆಕೆಂಡ್ ಮಾಡಿದರೆ, ಮೇಜಿನ ಮೇಲಿನ ಪುಸ್ತಕ ತೆಗೆಯಲು ಒಂದು ಸೆಕೆಂಡು, ಎಸ್‌ಎಸ್‌ಡಿ ಎಂಬ ಪಕ್ಕದ ಕೋಣೆಗೆ ಹೋಗಿ ಬರಲು ಒಂದು ನಿಮಿಷ 40 ಸೆಕೆಂಡು, ಹಾರ್ಡ್‌ಡಿಸ್ಕ್ ಎಂಬ ಊರಾಚೆಯ ಗ್ರಂಥಾಲಯಕ್ಕೆ ಎರಡು ಗಂಟೆ 13 ನಿಮಿಷ.

ನೂರರಲ್ಲಿ 99 ಸಲ ಪುಟ ಮೆಮೊರಿಯಲ್ಲೇ ಸಿಗುತ್ತದೆ ಎನ್ನಿ. ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಸರಾಸರಿ ಸಮಯ 0.99 × 1 + 0.01 × 8,000, ಅಂದರೆ ಸುಮಾರು 81 ಮೈಕ್ರೋಸೆಕೆಂಡ್. ಮೆಮೊರಿ ಹೆಚ್ಚಿಸಿ ಇದನ್ನು ಶೇಕಡ 99.9ಕ್ಕೆ ಏರಿಸಿದಿರಿ. ಈಗ ಸರಾಸರಿ ಸುಮಾರು 9. ಶೇಕಡ ಒಂದಕ್ಕೂ ಕಡಿಮೆ ಏರಿಕೆಯಿಂದ ಒಂಬತ್ತು ಪಟ್ಟು ಲಾಭ! ಇದೇ ಲೆಕ್ಕವನ್ನು ಎಸ್‌ಎಸ್‌ಡಿಗೆ ಮಾಡಿ. ಶೇಕಡ 99 ಇದ್ದಾಗ ಸರಾಸರಿ ಸುಮಾರು 2, ಶೇಕಡ 99.9 ಇದ್ದಾಗ 1.1. ಲಾಭ ಎರಡು ಪಟ್ಟೂ ಇಲ್ಲ.

ಆದ್ದರಿಂದ "ಮೆಮೊರಿ ಹೆಚ್ಚಿಸಿದರೆ ಎಷ್ಟು ವೇಗವಾಗುತ್ತದೆ?" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅದು ಹಿಂದಿರುವ ಡಿಸ್ಕನ್ನು ಅವಲಂಬಿಸಿದೆ. ಒಂದು ಚರಾಂಶವನ್ನು ಬದಲಿಸುವಾಗ ಉಳಿದೆಲ್ಲವನ್ನೂ ಸ್ಥಿರವಾಗಿಡಿ ಎಂದು ನಾವು ಪ್ರಯೋಗಾಲಯದಲ್ಲಿ ಹೇಳಿಕೊಡುತ್ತೇವೆ. ಒಳ್ಳೆಯ ಪಾಠವೇ. ಆದರೆ ಉಳಿದವು ಯಾವ ಬೆಲೆಯಲ್ಲಿ ಸ್ಥಿರವಾಗಿವೆ ಎಂಬುದೂ ಫಲಿತಾಂಶವನ್ನು ನಿರ್ಧರಿಸುತ್ತದೆ ಎಂಬುದನ್ನು ಸೇರಿಸಿ ಹೇಳಬೇಕು. ಎರಡು ಡಿಸ್ಕು, ಎರಡು ಮೆಮೊರಿ ಗಾತ್ರ ಇದ್ದರೆ ನಾಲ್ಕು ಜೋಡಣೆಗಳನ್ನೂ ಅಳೆಯಬೇಕು.

ಇನ್ನೊಂದು ವಿಷಯ. ಒಟ್ಟು ದತ್ತ ಮೆಮೊರಿಗಿಂತ ಚಿಕ್ಕದಾಗಿರುವವರೆಗೆ ಓದುವ ಪರೀಕ್ಷೆಯಲ್ಲಿ ಡಿಸ್ಕು ಲೆಕ್ಕಕ್ಕೇ ಬರುವುದಿಲ್ಲ. 8 ಗಿಗಾಬೈಟ್ ಮೆಮೊರಿಯ ಯಂತ್ರದಲ್ಲಿ ಮಾಪನಾಂಕ 100 ಇಟ್ಟು ಓದಿಸಿದರೆ ಹಾರ್ಡ್‌ಡಿಸ್ಕಿಗೂ ಎಸ್‌ಎಸ್‌ಡಿಗೂ ವ್ಯತ್ಯಾಸ ಕಾಣದು. 1,000 ಇಟ್ಟರೆ ಎದ್ದು ಕಾಣುತ್ತದೆ. ಎರಡೂ ಸರಿಯಾದ ಅಳತೆಗಳೇ, ಅಳೆದದ್ದು ಮಾತ್ರ ಬೇರೆ ಬೇರೆ ವಸ್ತುಗಳನ್ನು.

ಪೆಟ್ಟಿಗೆಯಿಂದ ತೆಗೆದ ಹಾಗೆಯೇ, ಯಾವ ಸೆಟ್ಟಿಂಗನ್ನೂ ಮುಟ್ಟದೆ ಎರಡು ತಂತ್ರಾಂಶಗಳನ್ನು ಹೋಲಿಸುವ ಅಭ್ಯಾಸವೂ ಇದೆ. ಇದು ನ್ಯಾಯವೆಂದು ತೋರುತ್ತದೆ, ಆದರೆ ಅಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ತನ್ನ ಪುಟಗಳಿಗೆಂದು ಸಾಮಾನ್ಯವಾಗಿ 128 ಮೆಗಾಬೈಟ್ ಮೆಮೊರಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಚಿಕ್ಕ ಯಂತ್ರದಲ್ಲೂ ನಡೆಯಲೆಂಬ ಎಚ್ಚರಿಕೆ ಅದು. ಡೇಟಾಬೇಸಿಗೆಂದೇ ಮೀಸಲಾದ ಸರ್ವರಿನಲ್ಲಿ ಒಟ್ಟು ಮೆಮೊರಿಯ ಕಾಲು ಭಾಗದಿಂದ ಆರಂಭಿಸಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಮೈಎಸ್‌ಕ್ಯೂಎಲ್‌ನ 5.5ನೇ ಆವೃತ್ತಿ 2010ರಲ್ಲಿ ಬರುವವರೆಗೆ, ಬೇರೆ ಹೇಳದಿದ್ದರೆ ಅದು ಸಾಮಾನ್ಯವಾಗಿ ಮೈಐಸ್ಯಾಮ್ ಎಂಬ ಬಗೆಯ ಕೋಷ್ಟಕಗಳನ್ನು ರಚಿಸುತ್ತಿತ್ತು. ಅವುಗಳಲ್ಲಿ ಕಮಿಟ್ ಎಂಬುದೇ ಇಲ್ಲ, ವಿದ್ಯುತ್ ಹೋದಾಗಿನ ರಕ್ಷಣೆಯೂ ಇಲ್ಲ. ಅದನ್ನು ಪ್ರತಿ ಸಾಲಿಗೂ ಡಿಸ್ಕಿನ ಸುತ್ತು ಕಾಯುವ ತಂತ್ರಾಂಶದ ಜೊತೆ ಹೋಲಿಸಿ "ಇಷ್ಟು ಪಟ್ಟು ವೇಗ" ಎಂದವರು ಆ ವರ್ಷಗಳಲ್ಲಿ ಕಡಿಮೆಯೇನಿರಲಿಲ್ಲ.

ಸಾಲಿನಲ್ಲಿ ನಿಂತವರು

ಸರ್ವರ್ ಎಂದರೆ ಹಲವರು ಒಟ್ಟಿಗೆ ಬಳಸುವ ಯಂತ್ರ. ಆದ್ದರಿಂದ ಸೆಕೆಂಡಿಗೆ ಎಷ್ಟು ಎಂಬುದರ ಜೊತೆಗೆ ಒಬ್ಬೊಬ್ಬರೂ ಎಷ್ಟು ಕಾಯಬೇಕಾಯಿತು ಎಂಬುದೂ ಮುಖ್ಯ. ಇವೆರಡನ್ನೂ ಜೋಡಿಸುವ ಸುಂದರ ನಿಯಮವೊಂದನ್ನು ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದರು. ವ್ಯವಸ್ಥೆಯೊಳಗೆ ಇರುವವರ ಸರಾಸರಿ ಸಂಖ್ಯೆ N, ಸೆಕೆಂಡಿಗೆ ಮುಗಿಯುವ ಕೆಲಸ X, ಒಂದು ಕೆಲಸಕ್ಕೆ ತಗಲುವ ಸರಾಸರಿ ಸಮಯ R ಆದರೆ N = X × R. ಯಂತ್ರ ಯಾವುದೇ ಇರಲಿ, ಇದು ತಪ್ಪುವುದಿಲ್ಲ. 50 ಬಳಕೆದಾರರು ಬಿಡುವಿಲ್ಲದೆ ಕೆಲಸ ಕೊಡುತ್ತಿದ್ದು ಸೆಕೆಂಡಿಗೆ 1,000 ವ್ಯವಹಾರ ಮುಗಿಯುತ್ತಿದ್ದರೆ, ಪ್ರತಿಯೊಂದಕ್ಕೂ ಸರಾಸರಿ 50 ಮಿಲಿಸೆಕೆಂಡ್ ಬೇಕು. ವರದಿಯಲ್ಲಿ 20 ಮಿಲಿಸೆಕೆಂಡ್ ಎಂದಿದ್ದರೆ ಮೂರರಲ್ಲಿ ಒಂದಾದರೂ ಅಂಕಿ ತಪ್ಪು. ಶಕ್ತಿಸಂರಕ್ಷಣೆಯ ನಿಯಮದಿಂದ ವಿದ್ಯಾರ್ಥಿಯ ಉತ್ತರವನ್ನು ಪರೀಕ್ಷಿಸಿದಂತೆ ಇದನ್ನು ಬಳಸಬಹುದು.

ಸರಾಸರಿಯೂ ಮೋಸ ಮಾಡಬಲ್ಲದು. ನೂರು ಮಂದಿಯಲ್ಲಿ 99 ಜನರಿಗೆ 10 ಮಿಲಿಸೆಕೆಂಡಿನಲ್ಲಿ ಉತ್ತರ ಬಂದು, ಒಬ್ಬರು 5 ಸೆಕೆಂಡು ಕಾದರೆ ಸರಾಸರಿ ಸುಮಾರು 60 ಮಿಲಿಸೆಕೆಂಡ್. ಅಲ್ಲಿ ಅಷ್ಟು ಹೊತ್ತು ಕಾದವರು ಒಬ್ಬರೂ ಇಲ್ಲ. ನೂರರಲ್ಲಿ 95 ಜನರಿಗೆ, 99 ಜನರಿಗೆ ಎಷ್ಟರೊಳಗೆ ಉತ್ತರ ಸಿಕ್ಕಿತೆಂದು ಕೇಳಬೇಕು. ಗ್ರೇ 1985ರಲ್ಲೇ ಈ ಬಗೆಯ ಷರತ್ತು ಹಾಕಿದ್ದು ಇದಕ್ಕಾಗಿಯೇ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾಗುವ ಹೊತ್ತಿಗೆ ಪುಟ ತೆರೆಯದೆ ಒದ್ದಾಡಿದ ಅನುಭವ ಅಧ್ಯಾಪಕರಿಗೆಲ್ಲ ಇದ್ದೇ ಇರುತ್ತದೆ. ಒಂದು ಕೋರಿಕೆಗೆ ಸರ್ವರ್ ತೆಗೆದುಕೊಳ್ಳುವ ಸಮಯ 10 ಮಿಲಿಸೆಕೆಂಡ್ ಎನ್ನಿ. ಕೋರಿಕೆಗಳು ಯಾದೃಚ್ಛಿಕವಾಗಿ ಬರುವ ಸರಳ ಮಾದರಿಯಲ್ಲಿ ಒಟ್ಟು ಸಮಯ, ಆ 10ನ್ನು (1 − U)ಯಿಂದ ಭಾಗಿಸಿದಷ್ಟು. U ಎಂದರೆ ಸರ್ವರ್ ಕೆಲಸದಲ್ಲಿ ತೊಡಗಿರುವ ಸಮಯದ ಅಂಶ. ಅರ್ಧ ಸಮಯ ತೊಡಗಿದ್ದರೆ 20 ಮಿಲಿಸೆಕೆಂಡ್, ಶೇಕಡ 90 ಆದರೆ 100, ಶೇಕಡ 99 ಆದರೆ ಇಡೀ ಒಂದು ಸೆಕೆಂಡ್. ಪಿಜಿಬೆಂಚ್‌ನ ಬಳಕೆದಾರರು ಉತ್ತರ ಬರುವವರೆಗೆ ಸುಮ್ಮನೆ ಕಾಯುವ ಸಾಧುಗಳು. ಸರ್ವರ್ ನಿಧಾನವಾದರೆ ಅವರ ಕೋರಿಕೆಗಳೂ ತಾವಾಗಿ ಕಡಿಮೆಯಾಗುತ್ತವೆ. ಫಲಿತಾಂಶ ನೋಡಲು ಕುಳಿತ ವಿದ್ಯಾರ್ಥಿ ಹಾಗಲ್ಲ. ಪುಟ ಬರದಿದ್ದರೆ ಮತ್ತೆ ಒತ್ತುತ್ತಾನೆ, ಅಣ್ಣನ ಮೊಬೈಲಿನಿಂದಲೂ ಒತ್ತುತ್ತಾನೆ. ಗರಿಷ್ಠ ಅಂಕಿಯನ್ನು ನೋಡಿ ಯಂತ್ರ ಕೊಂಡವರು ಸೋಲುವುದು ಇಲ್ಲಿ.

ಎಷ್ಟು ಹೊತ್ತು ಅಳೆಯಬೇಕು?

ಮೆಮೊರಿಯಲ್ಲಿ ತಿದ್ದಿದ ಖಾತೆ ಪುಟಗಳನ್ನು ಡೇಟಾಬೇಸ್ ಆಗಾಗ ಡಿಸ್ಕಿಗೆ ಇಳಿಸುತ್ತದೆಂದು ಹೇಳಿದೆನಷ್ಟೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಸಾಮಾನ್ಯವಾಗಿ ಈ ಕೆಲಸವನ್ನು ಐದು ನಿಮಿಷಕ್ಕೊಮ್ಮೆ ಆರಂಭಿಸುತ್ತದೆ. ಒಂದು ನಿಮಿಷದ ಪರೀಕ್ಷೆ ಇದನ್ನು ಕಾಣದೆಯೇ ಮುಗಿದುಹೋಗಬಹುದು. ಅಂಗಡಿಯವರು ಇಡೀ ದಿನ ಕಿರ್ದಿ ಮಾತ್ರ ಬರೆದು, ಖಾತೆ ಏರಿಸದೆ ಮನೆಗೆ ಹೋದಂತಾಯಿತು. ಅರ್ಧ ಗಂಟೆಯಾದರೂ ನಡೆಸಿ, ಮೊದಲ ಕೆಲವು ನಿಮಿಷ ಬಿಟ್ಟುಬಿಡಿ. ಆಗ ಮೆಮೊರಿ ಇನ್ನೂ ತುಂಬಿರುವುದಿಲ್ಲ. ಹೊಸ ಎಸ್‌ಎಸ್‌ಡಿ ಖಾಲಿಯಿದ್ದಾಗ ಚುರುಕಾಗಿದ್ದು, ಬರೆದು ಅಳಿಸಿ ತುಂಬುತ್ತ ಬಂದಂತೆ ನಿಧಾನವಾಗುವುದುಂಟು. ಲ್ಯಾಪ್‌ಟಾಪಿನ ಪ್ರೋಸೆಸರ್ ಬಿಸಿಯೇರಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಐದು ಸಲ ಅಳೆದು ಸರಾಸರಿಯ ಜೊತೆ ಮಾನಕ ವಿಚಲನೆಯನ್ನೂ ಬರೆಯಿರಿ. ಐದು ಅಳತೆಗಳು ಶೇಕಡ 8ರಷ್ಟು ಚದುರಿದ್ದರೆ, ಶೇಕಡ 5ರಷ್ಟು ಮುಂದಿರುವ ಯಂತ್ರವನ್ನು ಮುಂದಿದೆ ಎನ್ನಲಾಗದು.

ಕೊನೆಯದಾಗಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಕಳೆದುಕೊಂಡರೂ ಚಿಂತೆಯಿಲ್ಲದ ಹಳೆಯ ಗಣಕವೊಂದರಲ್ಲಿ ಡೇಟಾಬೇಸ್ ಸ್ಥಾಪಿಸಿ. ಇನ್ನೊಂದು ಗಣಕದಿಂದ ಜಾಲದ ಮೂಲಕ 1, 2, 3 ಎಂದು ಕ್ರಮಸಂಖ್ಯೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗುವ ಚಿಕ್ಕ ಪ್ರೋಗ್ರಾಮ್ ಬರೆಯಿರಿ. "ಆಯಿತು" ಎಂಬ ಉತ್ತರ ಬಂದ ಸಂಖ್ಯೆಯನ್ನು ಮಾತ್ರ ಅದು ತೆರೆಯ ಮೇಲೆ ತೋರಿಸಲಿ. ಓಟ ಒಂದು ಹದಕ್ಕೆ ಬಂದ ಮೇಲೆ ಹಳೆಯ ಗಣಕದ ವಿದ್ಯುತ್ತನ್ನು ಥಟ್ಟನೆ ತೆಗೆಯಿರಿ. ಮತ್ತೆ ಚಾಲೂ ಮಾಡಿ, ಡೇಟಾಬೇಸಿನಲ್ಲಿರುವ ಅತಿದೊಡ್ಡ ಸಂಖ್ಯೆಯನ್ನು ತೆರೆಯ ಮೇಲಿನ ಕೊನೆಯ ಸಂಖ್ಯೆಯ ಜೊತೆ ಹೋಲಿಸಿ. ತೆರೆಯಲ್ಲಿ 41,250 ಇದ್ದು ಡೇಟಾಬೇಸಿನಲ್ಲಿ 41,250 ಅಥವಾ 41,251 ಇದ್ದರೆ ಯಂತ್ರ ಮಾತು ಉಳಿಸಿಕೊಂಡಿದೆ. 41,100 ಇದ್ದರೆ, ಮುಗಿಯಿತೆಂದು ಹೇಳಿದ 150 ವ್ಯವಹಾರಗಳು ಎಲ್ಲೂ ಇಲ್ಲ. ಒಮ್ಮೆ ಸರಿಬಂದಿತೆಂದು ನಿಲ್ಲಿಸದೆ ಹತ್ತಾರು ಸಲ ಮಾಡಿ. ಎಫ್‌ಸಿಂಕ್ ಇಟ್ಟು, ತೆಗೆದು, ಎರಡೂ ಬಗೆಯಲ್ಲಿ ನೋಡಿ. ಸೆಕೆಂಡಿಗೆ ಎಷ್ಟು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಪ್ರಯೋಗ ಆರಂಭಿಸುವ ಮುನ್ನ ಆ ಗಣಕವನ್ನು ಯುಪಿಎಸ್‌ನಿಂದ ಬಿಡಿಸಿ ನೇರ ಗೋಡೆಯ ಪ್ಲಗ್ಗಿಗೆ ಜೋಡಿಸಲು ಮರೆಯಬೇಡಿ.